ರಾತ್ರಿ ಉಸಿರಾಡುವ ನಾಡು

ಎಲ್ ರೊಸಾರಿಯೊ ಊರಿನ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ದಕ್ಷಿಣಕ್ಕೆ ಹೊರಟರೆ ಮುಂದಿನ ಬಂಕ್ ಸಿಗುವುದು ಮುನ್ನೂರು ಕಿಲೋಮೀಟರಿನ ಆಚೆಗೆ. ಮೆಕ್ಸಿಕೋದ ವಾಯವ್ಯ ಮೂಲೆಯಲ್ಲಿ ಬಾಳೆಲೆಯ ಸೀಳಿನ ಹಾಗೆ ಜೋತುಬಿದ್ದಿರುವ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದ ನಡುಭಾಗ ಇದು. ಟಿಹುವಾನಾದಿಂದ ಕಾಬೊ ಸಾನ್ ಲುಕಾಸ್‌ವರೆಗೆ 1,700 ಕಿ.ಮೀ.ಗೂ ಉದ್ದದ ಹೆದ್ದಾರಿಗೆ ಪೂರ್ತಿ ಡಾಂಬರು ಬಿದ್ದದ್ದು 1973ರಲ್ಲಿ. ಅದಕ್ಕೂ ಮುಂಚೆ ಇದು ಕಲ್ಲು, ಮರಳು, ಧೂಳಿನ ಗಾಡಿಜಾಡು.

ಜೂನ್ ತಿಂಗಳ ಕೊನೆ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಾದವನು ಏಳಕ್ಕೆ ಎದ್ದು, ನಿಧಾನವಾಗಿ ತಿಂಡಿ ತಿಂದು, ಹತ್ತು ಗಂಟೆಗೆ ಬೈಕು ಹತ್ತಿದ್ದೆ. ಕರಾವಳಿಯ ತಂಪು ಬೆನ್ನ ಹಿಂದೆ ಉಳಿದು ರಸ್ತೆ ಒಳನಾಡಿಗೆ ಏರಿದಂತೆ ಗಾಳಿ ಕಾಯತೊಡಗಿತು. ಸೆಕೆಯಾದಾಗ ಅಂಗಿಯ ಗುಂಡಿ ಬಿಚ್ಚುವ ಅಭ್ಯಾಸದಂತೆ ಜಾಕೆಟ್ಟಿನ ಜಿಪ್ಪನ್ನು ಹೊಟ್ಟೆಯವರೆಗೂ ಇಳಿಸಿಬಿಟ್ಟೆ. ಗಾಳಿ ಎದೆಗೆ ನುಗ್ಗಿ ಬಂದಾಗ ಹಾಯೆನಿಸಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೈಯಲ್ಲಿ ಬೆವರಿನ ಹನಿಯೂ ಇರಲಿಲ್ಲ. ತೋಳಿನ ಮೇಲೆ ಉಪ್ಪಿನ ಬಿಳಿ ಗೆರೆ. ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟುವಂತೆ ನೋವು. ರಸ್ತೆ ಹಳ್ಳಕ್ಕಿಳಿದು ಮೇಲೇಳುವ ಕಡೆ ತಿರುವಿನ ಅಂದಾಜು ತಪ್ಪಿ ಬೈಕು ಮಣ್ಣಿನ ಅಂಚಿಗೆ ಹೋಗಿ ನಿಂತಿತು. ಬೀಳಲಿಲ್ಲ, ಆದರೆ ಕೈ ನಡುಗುತ್ತಿತ್ತು.

ಕಟವೀನ್ಯಾ ಎಂಬ ನಾಲ್ಕು ಮನೆಗಳ ಊರಿನಲ್ಲಿ ರಸ್ತೆ ಬದಿಯಲ್ಲಿ ಕ್ಯಾನುಗಳಲ್ಲಿ ಪೆಟ್ರೋಲ್ ಮಾರುತ್ತಾರೆ. ಅಲ್ಲಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ಮೊದಲು ನೀರು ಕೊಟ್ಟರು. ಆಮೇಲೆ ಒಂದು ಬಾಟಲಿ ನೀರನ್ನು ನನ್ನ ಅಂಗಿಯ ಮೇಲೆ ಸುರಿದರು. ಕೊನೆಗೆ ಮಗುವಿಗೆ ತೊಡಿಸುವಂತೆ ನನ್ನ ಜಾಕೆಟ್ಟಿನ ಜಿಪ್ಪನ್ನು ಹಿಡಿದು ಕತ್ತಿನವರೆಗೂ ಎಳೆದುಬಿಟ್ಟರು. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಕತ್ತಿನವರೆಗೆ ಮುಚ್ಚಿದ ಜಾಕೆಟ್! ಅವರ ಸ್ಪ್ಯಾನಿಷ್ ನನಗೆ ಅರ್ಥವಾಗಲಿಲ್ಲ. ಕೈಸನ್ನೆಯ ಅರ್ಥ ಹೊಳೆಯಲು ಇನ್ನೂ ಹದಿನೈದು ದಿನ ಬೇಕಾಯಿತು. ಈ ಅಧ್ಯಾಯ ಆ ಜಿಪ್ಪಿನ ಕಥೆ.

ಹೂಜಿಯ ಲೆಕ್ಕ

ಗಾಳಿ ತಂಪು ಎಂಬುದು ನಮ್ಮ ಮೈ ಕಲಿತ ಮಾತು. ಅದಕ್ಕೊಂದು ಕರಾರು ಇದೆ: ಬೀಸುವ ಗಾಳಿ ಚರ್ಮಕ್ಕಿಂತ ತಣ್ಣಗಿರಬೇಕು. ಬಿಸಿಲಲ್ಲಿ ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಗಾಳಿ 28 ಡಿಗ್ರಿ ಇದ್ದರೆ ಶಾಖ ಮೈಯಿಂದ ಗಾಳಿಗೆ ಹರಿಯುತ್ತದೆ, ವೇಗ ಹೆಚ್ಚಿದಷ್ಟೂ ಹಿತ. ಗಾಳಿ 42 ಡಿಗ್ರಿಗೆ ಏರಿದರೆ ಶಾಖದ ದಿಕ್ಕೇ ತಿರುಗುತ್ತದೆ. ಆಗ ಗಂಟೆಗೆ 90 ಕಿ.ಮೀ. ವೇಗದಲ್ಲಿ ಎದೆಗೆ ಬಡಿಯುವ ಗಾಳಿ ಬೀಸಣಿಗೆಯಾಗಿ ಉಳಿಯುವುದಿಲ್ಲ, ಕುಲುಮೆಯ ತಿದಿಯಾಗುತ್ತದೆ.

ಆಗ ನಮ್ಮನ್ನು ಕಾಯುವುದು ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾಗಿ ಹೋಗುವಾಗ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಸುಮ್ಮನೆ ಕುಳಿತ ಮನುಷ್ಯ ಹಳೆಯ ಕಾಲದ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಹೊಮ್ಮಿಸುತ್ತಾನೆ. ಗಂಟೆಗೆ ಒಂದು ಲೀಟರ್ ಬೆವರು ಅಂಥ ಆರು ಬಲ್ಬುಗಳ ಶಾಖವನ್ನು ಕಳೆಯಬಲ್ಲದು. ಇಷ್ಟು ಸಮರ್ಥವಾದ ಏರ್ಪಾಡು ಪ್ರಾಣಿಲೋಕದಲ್ಲಿ ಅಪರೂಪ. ಆದರೆ ಆ ಲೀಟರ್ ನೀರನ್ನು ಯಾರಾದರೂ ಮತ್ತೆ ತುಂಬಬೇಕಲ್ಲ! ಒಣ ಬಿಸಿಗಾಳಿಗೆ ಎದೆ ತೆರೆದವನ ಬೆವರು ಚರ್ಮದ ಮೇಲೆ ಕಾಣಿಸಿಕೊಳ್ಳುವ ಮುನ್ನವೇ ಹಾರಿಹೋಗುತ್ತದೆ. ಒದ್ದೆಯೇ ಕಾಣದ್ದರಿಂದ ಬೆವರುತ್ತಿಲ್ಲ ಎಂದುಕೊಳ್ಳುತ್ತೇವೆ. ಒಳಗೆ ರಕ್ತ ಗಟ್ಟಿಯಾಗುತ್ತಿರುತ್ತದೆ, ಗಮನ ಜಾರುತ್ತಿರುತ್ತದೆ. ಹಳ್ಳದ ತಿರುವಿನಲ್ಲಿ ನನಗೆ ಆದದ್ದು ಇದೇ.

ಬೇಸಿಗೆಯಲ್ಲಿ ನಮ್ಮ ಮನೆಗಳ ಮೂಲೆಯಲ್ಲಿ ಕೂರುವ ಮಣ್ಣಿನ ಹೂಜಿಯನ್ನು ನೆನೆಯಿರಿ. ಅದರ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಆವಿಯಾಗಿ, ಒಳಗಿನ ನೀರನ್ನು ತಣಿಸುತ್ತದೆ. ರಂಧ್ರ ಸಣ್ಣದಿರುವುದರಿಂದಲೇ ಹೂಜಿ ಹೂಜಿಯಾಗಿದೆ. ದೊಡ್ಡದಾದರೆ ನೀರು ತಣಿಯುವುದಕ್ಕೆ ಮುಂಚೆ ಖಾಲಿಯಾಗುತ್ತದೆ. ಒದ್ದೆ ಅಂಗಿಯ ಮೇಲೆ ಮುಚ್ಚಿದ ಜಾಕೆಟ್ ಎಂದರೆ ಸಣ್ಣ ರಂಧ್ರದ ಹೂಜಿ. ಬಿಸಿಗಾಳಿ ನೇರ ಮೈಗೆ ತಾಗದು, ನೀರು ನಿಧಾನವಾಗಿ ಆರುತ್ತದೆ, ಒಳಗೆ ತಂಪು ಉಳಿಯುತ್ತದೆ. ಕಟವೀನ್ಯಾದ ಹಿರಿಯರು ನನ್ನನ್ನು ಹೂಜಿಯನ್ನಾಗಿ ಮಾಡಿ ಕಳಿಸಿದ್ದರು.

ಇಳಿಯುವ ಗಾಳಿಯ ಕೆಳಗೆ

ಕಟವೀನ್ಯಾದ ಸುತ್ತ ಮನೆಯಷ್ಟು ದೊಡ್ಡ ಗ್ರಾನೈಟ್ ಗುಂಡುಗಳು ರಾಶಿ ಬಿದ್ದಿವೆ. ಹಂಪಿಯನ್ನು ಕಂಡವರಿಗೆ ಎದೆ ಒಮ್ಮೆ ಝಲ್ಲೆನ್ನುತ್ತದೆ. ಕಲ್ಲು ಉರುಟಾದ ರೀತಿಯೂ ಎರಡೂ ಕಡೆ ಒಂದೇ. ನೆಲದಾಳದಲ್ಲಿ ಬಿರುಕುಗಳಿಂದ ಚೌಕಾಕಾರವಾಗಿ ಸೀಳಿದ ಬಂಡೆಯ ಮೂಲೆಗಳನ್ನು ನೀರು ಮೊದಲು ಕೊರೆಯುತ್ತದೆ, ಅಂಚು ಸವೆದು ದುಂಡಗಾಗುತ್ತದೆ, ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಬಯಲಿಗೆ ಬರುತ್ತವೆ. ಆದರೆ ಹಂಪಿಯ ಗುಂಡುಗಳ ನಡುವೆ ತುಂಗಭದ್ರೆ ಇದ್ದಾಳೆ. ಇಲ್ಲಿನ ಹಳ್ಳಗಳಲ್ಲಿ ಮರಳು ಬಿಟ್ಟರೆ ಬೇರೆ ಹರಿವಿಲ್ಲ. ಎರಡೂ ಕಡೆ ಸಮುದ್ರವನ್ನಿಟ್ಟುಕೊಂಡ ನೆಲ ಇಷ್ಟು ಒಣಗಿರುವುದಾದರೂ ಏಕೆ?

ಉತ್ತರ ತಲೆಯ ಮೇಲಿದೆ. ಸಮಭಾಜಕದ ಬಳಿ ಕಾದ ತೇವದ ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಮಳೆಯಾಗಿ ತನ್ನ ನೀರನ್ನೆಲ್ಲ ಅಲ್ಲೇ ಸುರಿಸಿಬಿಡುತ್ತದೆ. ಬರಿದಾದ ಆ ಗಾಳಿ ಎತ್ತರದಲ್ಲಿ ಧ್ರುವಗಳ ಕಡೆಗೆ ಸರಿದು, 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಸೈಕಲ್ ಪಂಪನ್ನು ಒತ್ತಿದಾಗ ಅದರ ತುದಿ ಬಿಸಿಯಾಗುವಂತೆ, ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕು ಬಿಸಿಯಾಗುತ್ತದೆ. ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರಿಕೆ. ಬಿಸಿಯಾದ ಗಾಳಿಗೆ ನೀರಿನ ದಾಹ ಹೆಚ್ಚು. ಅದು ಮೋಡವನ್ನು ಕಟ್ಟುವುದಿಲ್ಲ, ಇದ್ದ ಮೋಡವನ್ನೂ ಕುಡಿಯುತ್ತದೆ. ಜಾರ್ಜ್ ಹ್ಯಾಡ್ಲಿ ಎಂಬ ಇಂಗ್ಲಿಷ್ ವಕೀಲ 1735ರಲ್ಲಿ ವಾಣಿಜ್ಯ ಮಾರುತಗಳ ಬಗ್ಗೆ ಬರೆದ ಲೇಖನದಲ್ಲಿ ಈ ಚಕ್ರದ ಮೊದಲ ರೂಪರೇಖೆ ಇತ್ತು. ಹಾಗಾಗಿ ಇಂದಿಗೂ ಇದು ಹ್ಯಾಡ್ಲಿ ಚಕ್ರ.

ಭೂಗೋಳವನ್ನು ತಿರುಗಿಸಿ ಆ ಅಕ್ಷಾಂಶದ ಮೇಲೆ ಬೆರಳಾಡಿಸಿದರೆ ಸಹಾರಾ, ಅರೇಬಿಯಾ, ಥಾರ್ ಒಂದರ ಹಿಂದೊಂದು ಸಿಗುತ್ತವೆ. ಅದೇ ಬೆರಳು ಪೆಸಿಫಿಕ್ ದಾಟಿದರೆ ಬಾಹಾ ಮತ್ತು ಸೊನೋರಾ. ಕಟವೀನ್ಯಾ ಇರುವುದು ಹೆಚ್ಚುಕಡಿಮೆ 30 ಡಿಗ್ರಿ ಉತ್ತರದಲ್ಲೇ. ಮುಂದೆ ಗೆರೆರೊ ನೆಗ್ರೊ ಊರಿನ ಬಳಿ 28ನೇ ಅಕ್ಷಾಂಶವನ್ನು ರಸ್ತೆ ದಾಟುವ ಕಡೆ ಗಗನಕ್ಕೆ ಚಾಚಿದ ಉಕ್ಕಿನ ಸ್ಮಾರಕವೊಂದಿದೆ. ಎರಡು ರಾಜ್ಯಗಳ ಗಡಿ ಅದು. ಚಳಿಗಾಲದಲ್ಲಿ ದಾಟಿದವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು.

ಪಶ್ಚಿಮದ ಸಮುದ್ರವೂ ಈ ಬರಕ್ಕೆ ಕೈಜೋಡಿಸಿದೆ. ಉತ್ತರದಿಂದ ಇಳಿದು ಬರುವ ಕ್ಯಾಲಿಫೋರ್ನಿಯಾ ಪ್ರವಾಹ ತಣ್ಣೀರಿನದು. ತಣ್ಣನೆಯ ನೀರಿನ ಮೇಲಿನ ಗಾಳಿ ಭಾರವಾಗಿ ಕೆಳಗೇ ಕೂರುತ್ತದೆ, ಮೇಲೆದ್ದು ಮಳೆಯಾಗುವುದಿಲ್ಲ. ಅದು ಕೊಡುವುದು ಮಂಜನ್ನು ಮಾತ್ರ. ಬೆಳಗಿನ ಜಾವ ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿಗಟ್ಟುವ ಆ ಮಂಜನ್ನು ನಂಬಿಕೊಂಡೇ ಇಲ್ಲಿನ ಗಿಡಗಳ ಕೊಂಬೆಗಳಲ್ಲಿ ಕಲ್ಲುಹೂವು, ಬೇರಿಲ್ಲದೆ ಬದುಕುವ ಚೆಂಡಿನಂಥ ಅಪ್ಪುಸಸ್ಯಗಳು ತೂಗಾಡುತ್ತವೆ.

ಹಗಲು ಬಾಗಿಲು ಹಾಕುವವರು

ಈ ಬಯಲಿಗೆ ವಾಯೆ ದೆ ಲೋಸ್ ಸಿರಿಯೋಸ್ ಎಂದು ಹೆಸರು, ಮೇಣದಬತ್ತಿಗಳ ಕಣಿವೆ. ಚರ್ಚಿನ ಉದ್ದನೆಯ ಮೇಣದಬತ್ತಿಯನ್ನು ಹೋಲುವ ಸಿರಿಯೊ ಮರ ಇಲ್ಲಿ ಬಿಟ್ಟರೆ ಆಚೆ ದಡದ ಸೊನೋರಾ ಕರಾವಳಿಯ ಒಂದು ಚಿಕ್ಕ ತುಂಡು ನೆಲದಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ. ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಮೈತುಂಬ ಪೆನ್ಸಿಲಿನಂಥ ಗಿಡ್ಡ ಕೊಂಬೆ. ಕೆಲವು ಹದಿನೈದು ಮೀಟರಿಗೂ ಎತ್ತರ ಬೆಳೆದು ನೆತ್ತಿಯಲ್ಲಿ ಬಾಗಿ ಮತ್ತೆ ನೆಲ ಮುಟ್ಟುತ್ತವೆ. ಮಳೆ ಬಿದ್ದ ಕೂಡಲೆ ಎಲೆ ಹೊರಡಿಸಿ, ನೆಲ ಒಣಗಿದ ಕೂಡಲೆ ಉದುರಿಸುವುದು ಅದರ ಉಪಾಯ. ನಾನು ಹೋದಾಗ ಅವೆಲ್ಲ ಬೋಳಾಗಿ ನಿಂತಿದ್ದವು.

ಅವುಗಳ ನಡುವೆ ಹಸಿರಾಗಿ ನಿಂತದ್ದು ಕಾರ್ದೋನ್, ಪಾಪಾಸುಕಳ್ಳಿಯ ಕುಲದಲ್ಲೇ ಅತಿ ಎತ್ತರದ್ದು. ಮೂರು ಮಹಡಿಯ ಮನೆಯನ್ನು ಮೀರಿ ಬೆಳೆಯುವ ಕಂಬ. ಮೈಮೇಲಿನ ಉದ್ದುದ್ದ ಮಡಿಕೆಗಳು ಹಾರ್ಮೋನಿಯಂ ತಿದಿಯಂತೆ ಮಳೆಗಾಲದಲ್ಲಿ ಬಿಚ್ಚಿಕೊಳ್ಳುತ್ತವೆ, ಬರದಲ್ಲಿ ಮುದುಡುತ್ತವೆ. ಟನ್ನುಗಟ್ಟಲೆ ನೀರು ತುಂಬಿಕೊಂಡು ಬೆಂಕಿಯಂಥ ಗಾಳಿಯಲ್ಲಿ ನಿಂತಿರುವ ಈ ಗಿಡ ನನ್ನ ಹಾಗೆ ಒಂದೇ ಗಂಟೆಯಲ್ಲಿ ಒಣಗುವುದಿಲ್ಲ. ಏಕೆಂದರೆ ಹಗಲಿನಲ್ಲಿ ಅದು ಉಸಿರಾಟದ ಬಾಗಿಲನ್ನೇ ಹಾಕಿಕೊಂಡಿರುತ್ತದೆ.

ಗಿಡಕ್ಕೆ ಗಾಳಿಯಿಂದ ಬೇಕಾದದ್ದು ಇಂಗಾಲದ ಡೈಆಕ್ಸೈಡ್. ಅದನ್ನು ಒಳಗೆ ಬಿಟ್ಟುಕೊಳ್ಳಲು ಮೈಯ ಸೂಕ್ಷ್ಮ ರಂಧ್ರಗಳನ್ನು ತೆರೆಯಬೇಕು. ತೆರೆದ ಬಾಗಿಲಿನಿಂದ ಅನಿಲ ಒಳಗೆ ಬರುವಾಗ ನೀರಿನ ಆವಿ ಹೊರಗೆ ಹೋಗುತ್ತದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಭತ್ತ, ಗೋಧಿಯಂಥ ಸಾಮಾನ್ಯ ಗಿಡಗಳು 400ರಿಂದ 500 ಗ್ರಾಂ ನೀರು ಕಳೆದುಕೊಳ್ಳುತ್ತವೆ. ಕಳ್ಳಿ, ಕತ್ತಾಳೆಗಳು 50ರಿಂದ 100 ಗ್ರಾಮಿನಲ್ಲಿ ಮುಗಿಸುತ್ತವೆ. ಅವು ಬಾಗಿಲು ತೆರೆಯುವುದು ರಾತ್ರಿ, ಗಾಳಿ ತಣ್ಣಗಾಗಿ ಅದರ ದಾಹ ಇಳಿದ ಮೇಲೆ. ರಾತ್ರಿ ಒಳಗೆ ಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶಗಳ ಚೀಲಗಳಲ್ಲಿ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಕೂಡಿಟ್ಟ ಆಮ್ಲದಿಂದ ಇಂಗಾಲವನ್ನು ಬಿಡಿಸಿಕೊಂಡು, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತವೆ. ದಿನಸಿ ತರುವುದು ರಾತ್ರಿ, ಅಡುಗೆ ಹಗಲು.

ಈ ರಹಸ್ಯದ ಸುಳಿವನ್ನು ನಾಲಿಗೆಯಿಂದಲೇ ಹಿಡಿದವರೊಬ್ಬರಿದ್ದರು. ಅವರಿಗೂ ನಮ್ಮ ಬೆಂಗಳೂರಿಗೂ ನಂಟಿದೆ. ಬೆಂಜಮಿನ್ ಹೇನ್ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಟಿಪ್ಪು ಸುಲ್ತಾನನ ಕಾಲದ ನಂತರ ಲಾಲ್‌ಬಾಗಿನ ಹೊಣೆಯನ್ನೂ ಕೆಲಕಾಲ ಹೊತ್ತಿದ್ದವರು. ನಾವು ಕಾಡುಬಸಳೆ ಎನ್ನುವ ಗಿಡದ ಎಲೆಯನ್ನು ಅವರು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಹುಳಿ. ಮಧ್ಯಾಹ್ನಕ್ಕೆ ಹುಳಿ ಮಾಯ. ಈ ಗಮನಿಕೆಯನ್ನು ಪತ್ರದಲ್ಲಿ ಬರೆದು ಕಳಿಸಿದರು, ಲಂಡನ್ನಿನ ಲಿನಿಯನ್ ಸೊಸೈಟಿ ಅದನ್ನು 1815ರಲ್ಲಿ ಪ್ರಕಟಿಸಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಕರಗುವುದನ್ನು ಅವರ ನಾಲಿಗೆ ಓದಿತ್ತು. ಅದರ ರಸಾಯನವನ್ನು ಬಿಡಿಸಿ ಹೇಳಲು ವಿಜ್ಞಾನಕ್ಕೆ ಮತ್ತೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬನವಾಸಿಯ ತೋಟದ ಅನಾನಸ್ ಇದೇ ಉಪಾಯ ಬಲ್ಲದು. ಬಯಲುಸೀಮೆಯ ಹೊಲದ ಬದುಗಳಲ್ಲಿ ಬೇಲಿಯಾಗಿ, ಹಗ್ಗದ ನಾರಾಗಿ ನಮ್ಮವೇ ಆಗಿಹೋದ ಕತ್ತಾಳೆಯೂ ಬಲ್ಲದು. ಕತ್ತಾಳೆಯ ತವರು ಮೆಕ್ಸಿಕೋ. ಜಗತ್ತಿನ ಸುಮಾರು 200 ಜಾತಿಯ ಕತ್ತಾಳೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯವು.

ಈ ಜಾಣತನಕ್ಕೆ ತೆರಬೇಕಾದ ಬೆಲೆಯೂ ಇದೆ. ರಾತ್ರಿ ಚೀಲದಲ್ಲಿ ಹಿಡಿಸಿದಷ್ಟು ಆಮ್ಲವೇ ಮರುದಿನದ ಬಂಡವಾಳ, ಅದು ಮುಗಿದರೆ ಬಿಸಿಲೆಷ್ಟಿದ್ದರೂ ಕೆಲಸವಿಲ್ಲ. ಹಾಗಾಗಿ ಬೆಳವಣಿಗೆ ನಿಧಾನ. ದಾರಿ ಬದಿಯ ದೊಡ್ಡ ಕಾರ್ದೋನ್‌ಗಳು ಹೆದ್ದಾರಿಗಿಂತ ಮಾತ್ರವಲ್ಲ, ಮೋಟಾರು ಎಂಬ ಯಂತ್ರಕ್ಕಿಂತಲೂ ಹಿರಿಯವು. ಬದುಕುವುದಾದರೆ ನಿಧಾನವಾಗಿ ಎಂದು ಅವು ಎಂದೋ ಒಪ್ಪಿಕೊಂಡಿವೆ.

ಬೈಕಿನ ಉಸಿರು

ಸಾನ್ ಇಗ್ನಾಸಿಯೊದಲ್ಲಿ ಮರುಭೂಮಿ ಒಮ್ಮೆಲೇ ಖರ್ಜೂರದ ತೋಪಾಗುತ್ತದೆ. ಜ್ವಾಲಾಮುಖಿ ಕಲ್ಲಿನ ಅಡಿಯಿಂದ ಚಿಮ್ಮುವ ನೀರು, ಜೆಸುಯಿಟ್ ಪಾದ್ರಿಗಳು 1728ರಲ್ಲಿ ನೆಲೆಗೊಳಿಸಿದ ಮಿಷನ್, ಅವರು ನೆಟ್ಟ ಖರ್ಜೂರದ ಸಂತತಿ. ಅಲ್ಲಿಂದ ತ್ರೆಸ್ ವಿರ್ಹೆನೆಸ್ ಜ್ವಾಲಾಮುಖಿಗಳ ಮಗ್ಗುಲಲ್ಲಿ ಇಳಿದು, ಪೂರ್ವದ ದಡ ಹಿಡಿದು, ಲಾ ಪಾಸ್ ಬಂದರಿನಲ್ಲಿ ರಾತ್ರಿಯ ಹಡಗು ಹತ್ತಿದೆ. ಲಾರಿಗಳ ನಡುವೆ ಬೈಕನ್ನು ಹಗ್ಗದಿಂದ ಬಿಗಿದು ಮೇಲೆ ಬಂದರೆ ಸುತ್ತಲೂ ಕತ್ತಲೆಯ ಕ್ಯಾಲಿಫೋರ್ನಿಯಾ ಕೊಲ್ಲಿ. ಭೂಮಿಯ ಲೆಕ್ಕದಲ್ಲಿ ಇದು ಎಳೆಯ ಕಡಲು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಬಾಹಾ ಮುಖ್ಯ ಭೂಮಿಯಿಂದ ಬಿರಿದು ಪೆಸಿಫಿಕ್ ಫಲಕದ ಜೊತೆ ವಾಯವ್ಯಕ್ಕೆ ಹೊರಟಿತು, ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಇಂದೂ ಸರಿಯುತ್ತಿದೆ.

ಆಚೆ ದಡ ಮಸಟ್ಲಾನ್. ಅಲ್ಲಿ ಇಳಿದ ಕೂಡಲೆ ಗಾಳಿ ಬೇರೆ: ಒದ್ದೆ, ಭಾರ, ಹಸಿರು ವಾಸನೆಯದು. ಅಲ್ಲಿಂದ ದುರಾಂಗೊ ನಗರಕ್ಕೆ ಸಿಯೆರಾ ಮಾದ್ರೆ ಓಕ್ಸಿಡೆಂಟಲ್ ಬೆಟ್ಟಸಾಲನ್ನು ಅಡ್ಡ ದಾಟುವ ಹಳೆಯ ರಸ್ತೆಯಿದೆ. ಅದರ ಕಡಿದಾದ ಭಾಗಕ್ಕೆ ಎಸ್ಪಿನಾಸೊ ದೆಲ್ ದಿಯಾಬ್ಲೊ ಎಂದು ಹೆಸರು, ಸೈತಾನನ ಬೆನ್ನುಮೂಳೆ. ತಿರುವಿನ ಮೇಲೆ ತಿರುವು. ಈಗ 60ಕ್ಕೂ ಹೆಚ್ಚು ಸುರಂಗಗಳ ಹೊಸ ಹೆದ್ದಾರಿ ಬಂದಿದೆ. 2012ರಲ್ಲಿ ಉದ್ಘಾಟನೆಯಾದ ಅದರ ಬಾಲುವಾರ್ತೆ ಸೇತುವೆ ಕಣಿವೆಯ ತಳದಿಂದ ಸುಮಾರು 400 ಮೀಟರ್ ಎತ್ತರದಲ್ಲಿ ತಂತಿಗಳಿಂದ ತೂಗುತ್ತದೆ. ಲಾರಿಗಳೆಲ್ಲ ಅತ್ತ ಹೋದದ್ದರಿಂದ ಹಳೆಯ ರಸ್ತೆ ಸವಾರರ ಪಾಲಿಗೆ ಉಳಿದಿದೆ.

ಸಮುದ್ರ ಮಟ್ಟದಿಂದ ಹೊರಟ ನಾವು ಅರ್ಧ ದಿನದಲ್ಲಿ 2,500 ಮೀಟರಿಗೂ ಮೇಲೆ ಇದ್ದೆವು, ನಾನು ಮತ್ತು ನನ್ನ ಬೈಕು. ತಾಳೆ ಹೋಗಿ ಓಕ್ ಬಂತು, ಓಕ್ ಹೋಗಿ ಪೈನ್ ಬಂತು. ಬೆವರು ಆರಿ ಚಳಿ ಹಿಡಿಯಿತು. ಬೈಕು ಮಾತ್ರ ಏದುಸಿರು ಬಿಡತೊಡಗಿತು. ಹಿಡಿ ತಿರುವಿದರೂ ಹುಮ್ಮಸ್ಸಿಲ್ಲ, ಹಿಂದಿನಿಂದ ಕಪ್ಪು ಹೊಗೆ, ಸುಡದ ಪೆಟ್ರೋಲಿನ ವಾಸನೆ.

ಬೈಕು ಪೆಟ್ರೋಲಿನಿಂದ ಓಡುತ್ತದೆ ಎನ್ನುವುದು ಅರ್ಧ ಸತ್ಯ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನನ್ನ ಹದಿನಾರು ಲೀಟರಿನ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಇಂಜಿನ್ ನಾಲ್ಕು ಕೋಣೆಗಳ ಒಂದು ಮನೆಯ ಗಾಳಿಯನ್ನೆಲ್ಲ ಉಸಿರಾಡಿರುತ್ತದೆ. ಪೆಟ್ರೋಲನ್ನು ನಾವು ಹೊತ್ತು ತರುತ್ತೇವೆ, ಗಾಳಿಯನ್ನು ದಾರಿಯೇ ಕೊಡಬೇಕು.

2,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 78ರಷ್ಟು ಮಾತ್ರ. ಸಿಲಿಂಡರ್ ಪ್ರತಿ ಸಲ ಅಷ್ಟೇ ಜಾಗದ ಗಾಳಿಯನ್ನು ಎಳೆದುಕೊಂಡರೂ ಅದರಲ್ಲಿನ ಆಮ್ಲಜನಕ ಐದನೇ ಒಂದು ಭಾಗಕ್ಕೂ ಮಿಕ್ಕಿ ಇಳಿದಿರುತ್ತದೆ. ಶಕ್ತಿಯೂ ಅಷ್ಟೇ ಕುಸಿಯುತ್ತದೆ. ಈಗಿನ ಬೈಕುಗಳಲ್ಲಿ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಕಡಿಮೆ ಮಾಡುವ ಸಂವೇದಕ ಇದೆ. ನನ್ನದು ಹಳೆಯ ಕಾರ್ಬುರೇಟರಿನ ಬೈಕು. ಅದರ ಜೆಟ್ ಎಂಬ ಸಣ್ಣ ಹಿತ್ತಾಳೆ ತೂತಿಗೆ ಬೆಟ್ಟ ಹತ್ತಿದ್ದು ತಿಳಿಯುವುದಿಲ್ಲ. ಗಾಳಿ ಇಳಿದಷ್ಟು ಪೆಟ್ರೋಲನ್ನು ಅದು ಇಳಿಸುವುದಿಲ್ಲ, ಆದ್ದರಿಂದ ಮಿಶ್ರಣ ಹತ್ತನೇ ಒಂದು ಪಾಲಿಗೂ ಮಿಕ್ಕಿ ಗಾಢವಾಗುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಎಲ್ ಸಾಲ್ತೊ ಎಂಬ ಮರದ ದಿಮ್ಮಿಗಳ ಊರಿನಲ್ಲಿ ಮೆಕ್ಯಾನಿಕ್ ಹುಡುಗನೊಬ್ಬ ಪ್ಲಗ್ ಬಿಚ್ಚಿ, ಕಪ್ಪು ತುದಿಯನ್ನು ನನಗೊಮ್ಮೆ ತೋರಿಸಿ, ಕಾರ್ಬುರೇಟರಿನ ಸೂಜಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿದ. ಬೈಕಿನ ಏದುಸಿರು ನಿಂತಿತು.

ಬಾಹಾದಲ್ಲಿ ನಾನು ಮಾಡಿದ ತಪ್ಪನ್ನೇ ಇಲ್ಲಿ ಬೈಕು ಮಾಡಿತ್ತು. ಗಾಳಿ ಬದಲಾದರೂ ತನ್ನ ರೂಢಿಯನ್ನು ಬದಲಿಸದೆ ಉಸಿರಾಡಿತ್ತು.

ಬೂದಿಯ ಬೆಟ್ಟ, ನೀರಿನ ಮಧ್ಯಾಹ್ನ

ಈ ಬೆಟ್ಟಸಾಲು ಹುಟ್ಟಿದ್ದೂ ಒಂದು ದೈತ್ಯ ಉಸಿರಿನಿಂದ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಪ್ಪುಕಲ್ಲು ದಖನ್ನಿನ ಬಸಾಲ್ಟ್. ತೆಳುವಾದ ಲಾವಾ ದೋಸೆ ಹಿಟ್ಟಿನಂತೆ ಪದರ ಪದರವಾಗಿ ಹರಡಿ ಆರಿದ್ದು. ಸಿಯೆರಾ ಮಾದ್ರೆಯ ಶಿಲಾರಸದಲ್ಲಿ ಸಿಲಿಕಾ ಹೆಚ್ಚು, ಅದು ಗಟ್ಟಿ ಅಂಟು. ಅಂಟಿನೊಳಗೆ ಸಿಕ್ಕಿಬಿದ್ದ ಅನಿಲ ಹೊರಬರಲಾರದೆ ಕೊನೆಗೆ ಸಿಡಿಯುತ್ತದೆ. ಕಾದ ಬೂದಿ ಮತ್ತು ಅನಿಲದ ಮೋಡ ನೆಲಕ್ಕಂಟಿ ಹರಿದು, ತನ್ನದೇ ಬಿಸಿಗೆ ಬೆಸೆದುಕೊಂಡು ಕಲ್ಲಾಗುತ್ತದೆ. ಇಗ್ನಿಂಬ್ರೈಟ್ ಎಂಬ ಈ ಬೂದಿಗಲ್ಲು ಇಲ್ಲಿ ಸುಮಾರು 3 ಲಕ್ಷ ಚದರ ಕಿ.ಮೀ. ಹರಡಿದೆ, ಹಲವೆಡೆ ಒಂದು ಕಿಲೋಮೀಟರ್ ದಪ್ಪ. ಬಹುಪಾಲು 340ರಿಂದ 200 ಲಕ್ಷ ವರ್ಷಗಳ ಹಿಂದಿನದು. ಆ ಬೂದಿಯ ರಾಶಿಯನ್ನು ನದಿಗಳು ಕೊರೆದು ಬಾರಾಂಕಾ ದೆಲ್ ಕೊಬ್ರೆ ಎಂಬ ಕಣಿವೆಗಳ ಬಲೆಯನ್ನು ಮಾಡಿವೆ. ಅವುಗಳಲ್ಲಿ ಊರಿಕೆ ಕಣಿವೆ 1,800 ಮೀಟರಿಗೂ ಆಳ.

ದುರಾಂಗೊದಿಂದ ಉತ್ತರಕ್ಕೆ, ಪಾರಾಲ್, ಗ್ವಾಚೋಚಿ ದಾಟಿ ಆ ಕಣಿವೆಗಳ ಕಡೆ ಹೋಗುವಾಗ ಜುಲೈ ಕಾಲಿಟ್ಟಿತ್ತು. ಬೆಳಿಗ್ಗೆ ತಿಳಿ ಆಕಾಶ. ಹನ್ನೆರಡಕ್ಕೆ ಹತ್ತಿಯ ಉಂಡೆಗಳು. ಎರಡಕ್ಕೆ ಗುಡುಗು. ಜನ ಇದನ್ನು ಲಾಸ್ ಆಗ್ವಾಸ್ ಎನ್ನುತ್ತಾರೆ, ಅಂದರೆ ನೀರುಗಳು. ಬೇಸಿಗೆಯಲ್ಲಿ ಕಾದ ಬೆಟ್ಟ ಮತ್ತು ಮರುಭೂಮಿ ಗಾಳಿಯನ್ನು ಮೇಲೆತ್ತುತ್ತವೆ, ಆ ಖಾಲಿ ಜಾಗಕ್ಕೆ ಕೊಲ್ಲಿಯಿಂದಲೂ ಪೆಸಿಫಿಕ್‌ನಿಂದಲೂ ತೇವದ ಗಾಳಿ ನುಗ್ಗುತ್ತದೆ. ನಮ್ಮ ಮುಂಗಾರಿನ ಕಿರಿಯ ತಂಗಿ ಎನ್ನಬಹುದು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಈ ಮಧ್ಯಾಹ್ನಗಳೇ ಬೆಟ್ಟಕ್ಕೆ ವರ್ಷದ ಅರ್ಧಕ್ಕಿಂತ ಹೆಚ್ಚು ಮಳೆ ಕೊಡುತ್ತವೆ. ರಸ್ತೆ ಅಡ್ಡಹಾಯುವ ಒಣ ಹಳ್ಳಗಳಿಗೆ ಇಲ್ಲಿ ವಾದೊ ಎಂದು ಹೆಸರು, ಅವುಗಳ ಬದಿಯಲ್ಲಿ ನೀರಿನ ಆಳ ಅಳೆಯುವ ಕಂಬ ನಿಲ್ಲಿಸಿರುತ್ತಾರೆ. ಮಳೆ ಬೀಳುವುದು ದೂರದ ಬೆಟ್ಟದಲ್ಲಿ, ನೀರು ಬರುವುದು ಬಿಸಿಲಿನಲ್ಲಿ ನಿಂತ ನಮ್ಮ ಮುಂದೆ. ಆ ಕಂಬಗಳನ್ನು ಓದಿ ನಂಬುವುದನ್ನು ಕಲಿತೆ. ಯಾವ ದಾರಿ ಈ ವಾರ ಕ್ಷೇಮ ಎಂದು ಪ್ರತಿ ಊರಿನಲ್ಲೂ ಕೇಳಿಯೇ ಮುಂದೆ ಹೋಗುವುದನ್ನೂ ಕಲಿತೆ. ಮಾದಕವಸ್ತು ವ್ಯವಹಾರದ ಹಿಂಸೆ ಈ ಬೆಟ್ಟಗಳ ಜನರನ್ನು ಬಹಳ ನೋಯಿಸಿದೆ.

ಇದು ರರಾಮುರಿ ಜನರ ನಾಡು. ಮರದ ಚೆಂಡನ್ನು ಕಾಲಿನಿಂದ ಚಿಮ್ಮಿಸುತ್ತ ಹಗಲು ರಾತ್ರಿ ಓಡುವ ಅವರ ಪಂದ್ಯಗಳು ಲೋಕಪ್ರಸಿದ್ಧ. ಕಾಲಲ್ಲಿ ಹಳೆಯ ಟೈರಿನಿಂದ ಕತ್ತರಿಸಿದ ಅಟ್ಟೆಯ ಚಪ್ಪಲಿ, ಸೊಂಟದಲ್ಲಿ ಹುರಿದ ಮೆಕ್ಕೆಜೋಳದ ಹಿಟ್ಟು. ಅಷ್ಟು ದೂರ ಓಡುವ ಸಾಮರ್ಥ್ಯದ ಒಂದು ಮುಖ್ಯ ಬೇರು ಮತ್ತೆ ಬೆವರಿನಲ್ಲಿದೆ. ನಾಲ್ಕು ಕಾಲಿನ ಬಹಳಷ್ಟು ಪ್ರಾಣಿಗಳು ಏದುಸಿರಿನಿಂದ ಮೈ ತಣಿಸಿಕೊಳ್ಳುತ್ತವೆ, ನಾಗಾಲೋಟದಲ್ಲಿ ಹಾಗೆ ಏದುವುದು ಕಷ್ಟ. ಮನುಷ್ಯ ಚರ್ಮದಿಂದ ತಣಿಯುತ್ತಾನೆ, ಉಸಿರನ್ನು ಓಟಕ್ಕೆ ಉಳಿಸಿಕೊಳ್ಳುತ್ತಾನೆ. ಏರಿನಲ್ಲಿ ಒಂದೇ ಹದದಲ್ಲಿ ನಡೆದುಹೋಗುತ್ತಿದ್ದ ರರಾಮುರಿ ಹೆಂಗಸರನ್ನು ದಾಟುವಾಗ, ಈ ಗಾಳಿಯ ಜೊತೆ ಸಾವಿರಾರು ವರ್ಷ ಮಾತಾಡಿಕೊಂಡ ಮೈ ಹೇಗಿರುತ್ತದೆ ಎಂಬುದು ಕಣ್ಣೆದುರು ಕಂಡಿತು.

ಇಳಿಯುವ ದಾರಿ

ಕ್ರೀಲ್ ಊರು 2,300 ಮೀಟರಿಗೂ ಮೇಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 92 ಡಿಗ್ರಿಗೆ, ಹುರುಳಿಕಾಳಿನಂಥ ಅವರ ಬೀನ್ಸ್ ಬೇಯಲು ಗಂಟೆಗಟ್ಟಲೆ ಬೇಕು. ಅಲ್ಲಿಂದ ಸುಮಾರು 140 ಕಿ.ಮೀ. ದೂರದ ಬಟೊಪಿಲಾಸ್ ಇರುವುದು ಕಣಿವೆಯ ತಳದಲ್ಲಿ, 500 ಮೀಟರಿನ ಆಸುಪಾಸು. ಬಹುಕಾಲ ಬರೀ ಮಣ್ಣಾಗಿದ್ದ ಈ ದಾರಿ ಗೋಡೆಯ ಮೇಲೆ ಹಲ್ಲಿ ಇಳಿದಂತೆ ಹಿಮ್ಮುರಿ ತಿರುವುಗಳಲ್ಲಿ ಇಳಿಯುತ್ತದೆ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯ ಲೆಕ್ಕದಲ್ಲಿ ಹನ್ನೆರಡು ಡಿಗ್ರಿ ಬಿಸಿ ಏರುತ್ತದೆ. ಮೇಲೆ ಪೈನ್ ಮರದ ಅಂಟಿನ ಪರಿಮಳ, ನಡುವೆ ಓಕ್, ಕೆಳಗೆ ಕಳ್ಳಿ, ತಳದಲ್ಲಿ ಪಪ್ಪಾಯಿ ಮತ್ತು ಮಾವು. ಮನಿಲಾ ಮತ್ತು ಅಕಾಪುಲ್ಕೊ ನಡುವೆ 1565ರಿಂದ 1815ರವರೆಗೆ ಓಡಾಡಿದ ಸ್ಪೇನಿನ ಹಡಗುಗಳ ಕಾಲದಲ್ಲಿ ನಮ್ಮ ಏಷ್ಯಾದ ಮಾವು ಮೆಕ್ಸಿಕೋಗೆ ಬಂತು. ಇಲ್ಲಿನ ಮೆಣಸಿನಕಾಯಿ, ಕತ್ತಾಳೆ ನಮ್ಮಲ್ಲಿಗೆ ಬಂದವು. ಬಟೊಪಿಲಾಸ್‌ನ ಅಂಗಳದಲ್ಲಿ ಮಾವಿನ ನೆರಳಿಗೆ ಬೈಕು ನಿಲ್ಲಿಸಿದಾಗ ಊರಿನ ನೆನಪು ಗಂಟಲಿಗೆ ಬಂತು.

ಹಗಲೆಲ್ಲ ಊರು ಮುಚ್ಚಿಕೊಂಡಿತ್ತು. ದಪ್ಪ ಮಣ್ಣಿನ ಗೋಡೆ, ಎಳೆದ ಕಿಟಕಿ. ಹೊತ್ತಿಳಿದ ಮೇಲೆ ಒಂದೊಂದೇ ಬಾಗಿಲು ತೆರೆದು, ಕುರ್ಚಿಗಳು ಬೀದಿಗೆ ಬಂದು, ಮಕ್ಕಳು ಚೌಕದಲ್ಲಿ ಕೂಗಾಡತೊಡಗಿದರು. ಊರಿನ ಅಂಚಿನ ಬಂಡೆಯಲ್ಲಿ ಕತ್ತಾಳೆಯೊಂದು ಕಂಬದಂತೆ ಹೂಗೊಂಚಲೆತ್ತಿ ನಿಂತಿತ್ತು. ಹತ್ತು, ಇಪ್ಪತ್ತು ವರ್ಷ ರಾತ್ರಿ ರಾತ್ರಿ ಕೂಡಿಟ್ಟದ್ದನ್ನೆಲ್ಲ ಒಂದೇ ಹೂವಿಗೆ ಸುರಿದು ಅದು ಸಾಯುತ್ತದೆ. ಮಧು ಸುರಿಯುವುದೂ ರಾತ್ರಿಯೇ. ಉದ್ದ ಮೂತಿಯ ಬಾವಲಿಗಳು ಆ ಹೊತ್ತಿಗೆ ಬಂದು ಪರಾಗ ಹಂಚುತ್ತವೆ. ಅಳಿವಿನಂಚಿಗೆ ಹೋಗಿದ್ದ ಅಂಥ ಒಂದು ಬಾವಲಿ ಜಾತಿ ಎರಡೂ ದೇಶಗಳ ಸಂರಕ್ಷಕರ ದುಡಿಮೆಯಿಂದ ಚೇತರಿಸಿಕೊಂಡು, 2013ರಲ್ಲಿ ಮೆಕ್ಸಿಕೋದ, 2018ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಹೊರಬಂತು. ಕತ್ತಲೆಯಲ್ಲಿ ರೆಕ್ಕೆಯ ಸದ್ದು ಮಾತ್ರ ಕೇಳಿತು. ನನಗೆ ಅಷ್ಟು ಸಾಕಾಗಿತ್ತು. ಈ ನಾಡು ಬಂಜರಲ್ಲ, ಅದರ ಬದುಕಿನ ಹೊತ್ತು ಬೇರೆ.

ಮಾರನೆಯ ದಿನ ನಾಲ್ಕಕ್ಕೆ ಎದ್ದೆ. ರಸ್ತೆಯ ಮೇಲೆ ಮಲಗಿದ ದನ ಕಾಣುವಷ್ಟು ಬೆಳಕು ಹರಿಯುವವರೆಗೆ ಕಾದೆ. ಹೊಟ್ಟೆ ತುಂಬ ನೀರು ಕುಡಿದೆ. ಅಂಗಿಯನ್ನು ಬಾವಿಯ ನೀರಿನಲ್ಲಿ ಅದ್ದಿ ತೊಟ್ಟೆ. ಬಂಡೆಯ ಮೇಲಿನ ಕತ್ತಾಳೆಯ ಎಲೆಗಳಲ್ಲಿ ಲಕ್ಷಾಂತರ ಸಣ್ಣ ಬಾಗಿಲುಗಳು ಮುಚ್ಚಿಕೊಳ್ಳುವ ಹೊತ್ತು ಅದು. ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದು, ಬೈಕು ಹೊರಡಿಸಿದೆ.